ಗಂಟಿಲ್ಲದ ಕಸೂತಿ: ರೇಷ್ಮೆ ನೂಲಿನ ಒಂದು ಪಾಠ



ಹಿಪ್ಪುನೇರಳೆ ಸೊಪ್ಪು, ಚಂದ್ರಿಕೆ, ಜ್ವರ ಏಳುವ ಹುಳು, ಗೂಡಿನ ಧಾರಣೆ, ಇವುಗಳ ವಿಷಯವನ್ನು ನಮ್ಮ ಕಡೆಯ ರೇಷ್ಮೆ ಬೆಳೆಗಾರರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆದರೆ ಗೂಡು ಮಾರುಕಟ್ಟೆಗೆ ಹೋದ ಮೇಲೆ ಅದರ ಎಳೆ ಏನಾಗುತ್ತದೆ ಎಂಬುದನ್ನು ಕಂಡವರು ನಮ್ಮಲ್ಲಿ ಕಡಿಮೆ. ರಾತ್ರಿಯೆಲ್ಲ ಎದ್ದು ಹುಳುವಿಗೆ ಸೊಪ್ಪು ಹಾಕಿದ ಹೆಣ್ಣುಮಗಳು ಆ ನೂಲನ್ನು ಮತ್ತೆ ನೋಡುವುದು ಜಾತ್ರೆಯ ದಿನ ಇನ್ನೊಬ್ಬರ ಸೀರೆಯ ಸೆರಗಿನಲ್ಲಿ. ಆದ್ದರಿಂದ ಈ ಸಲದ ಪಾಠದಲ್ಲಿ ಹುಳುವನ್ನು ಬಿಟ್ಟು ಸೂಜಿಯನ್ನು ಹಿಡಿಯೋಣ.

ಮೊದಲು ನೂಲನ್ನು ತಿಳಿಯಿರಿ. ಹುಳು ಉಗುಳುವ ಎಳೆ ಒಂದೇ ಎಂದು ಕಂಡರೂ ಅದರಲ್ಲಿ ಎರಡು ಎಳೆಗಳಿದ್ದು, ಅವನ್ನು ಒಂದು ಬಗೆಯ ಅಂಟು ಹಿಡಿದಿರುತ್ತದೆ. ನಮ್ಮ ಹಳೆಯ ಮೈಸೂರು ತಳಿಯ ಗೂಡಿನಲ್ಲಿ ಮುನ್ನೂರು ನಾನೂರು ಮೀಟರು ಎಳೆ ಸಿಕ್ಕರೆ, ಒಳ್ಳೆಯ ದ್ವಿತಳಿ ಗೂಡಿನಲ್ಲಿ ಸಾವಿರ ಮೀಟರಿಗೂ ಹೆಚ್ಚು ಬರುತ್ತದೆ. ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಬಿಚ್ಚಿದರೆ ಕಚ್ಚಾ ರೇಷ್ಮೆ. ಇದು ಬಿರುಸಾಗಿ, ಮಂಕಾಗಿ ಇರುತ್ತದೆ. ಸಾಬೂನು ನೀರಿನಲ್ಲಿ ಕುದಿಸಿ ಅಂಟು ತೆಗೆದರೆ ತೂಕದಲ್ಲಿ ಸುಮಾರು ಕಾಲು ಪಾಲು ಹೋಗುತ್ತದೆ, ಆಗ ಹೊಳಪು ಹೊರಗೆ ಬರುತ್ತದೆ. ಈ ಹೊಳಪಿಗೆ ಕಾರಣ ಎಳೆಯ ಆಕಾರ. ಹತ್ತಿಯ ಎಳೆ ತಿರುಚಿದ ಪಟ್ಟಿಯಂತಿರುತ್ತದೆ. ರೇಷ್ಮೆಯ ಎಳೆಯನ್ನು ಅಡ್ಡ ಕುಯ್ದರೆ ಮೂಲೆ ಉರುಟಾದ ಮೂರು ಮೂಲೆಯ ಆಕಾರ. ಅದರ ಮೇಲೆ ಬೆಳಕು ಬಿದ್ದರೆ ಕನ್ನಡಿಯ ಚೂರಿನಂತೆ ಹೊಳೆಯುತ್ತದೆ. ನೇಯುವ ನೂಲಿಗೆ ಹುರಿ ಹೆಚ್ಚು, ಕಸೂತಿ ನೂಲಿಗೆ ಹುರಿ ಕಡಿಮೆ. ಹುರಿ ಹೆಚ್ಚಿದಷ್ಟು ಗಟ್ಟಿ, ಕಡಿಮೆಯಾದಷ್ಟು ಹೊಳಪು.

ಈ ಗುಣವನ್ನು ಕೊನೆಯ ಮಟ್ಟಕ್ಕೆ ಬಳಸಿಕೊಂಡವರು ಚೀನದವರು. ಚೀನದ ರೇಷ್ಮೆ ನಮಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಚೀನಪಟ್ಟದ ಹೆಸರಿದೆ. ಅವರ ಕಸೂತಿಯ ಹಳಮೆಗೆ ಭೂಮಿಯೇ ಸಾಕ್ಷಿ ಕೊಟ್ಟಿದೆ. 1972ರಲ್ಲಿ ಚಾಂಗ್‌ಷಾ ಊರಿನ ಬಳಿ ಮಾವಾಂಗ್‌ದುಯಿ ಎಂಬಲ್ಲಿ ಅಗೆದ ಗೋರಿಯೊಂದರಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಕಸೂತಿ ಬಟ್ಟೆಗಳು ಬಣ್ಣಸಹಿತ ಸಿಕ್ಕಿದವು. ಅದರಲ್ಲಿ ಹೆಚ್ಚಾಗಿ ಇದ್ದುದು ನಮ್ಮ ಹೆಂಗಸರೂ ಹಾಕುವ ಸರಪಳಿ ಹೊಲಿಗೆ! ಈಗ ಅಲ್ಲಿ ನಾಲ್ಕು ಪದ್ಧತಿಗಳು ಹೆಸರಾಗಿವೆ: ಸುಝೌ, ಹುನಾನ್, ಗ್ವಾಂಗ್‌ಡಾಂಗ್, ಸಿಚುವಾನ್ ಸೀಮೆಗಳವು. ಮೂರನ್ನು ಹೆಸರಿಗೆ ಬಿಟ್ಟು ಸುಝೌ ಒಂದನ್ನೇ ನೋಡಿದರೆ ನಮ್ಮ ಪಾಠಕ್ಕೆ ಸಾಕು.

ಸುಝೌ ಕಸೂತಿಗಾರ್ತಿ ಮೊದಲು ಕಲಿಯುವ ಕೆಲಸ ಹೊಲಿಗೆಯಲ್ಲ, ನೂಲು ಸೀಳುವುದು. ಒಂದು ನೂಲನ್ನು ಬೆರಳ ತುದಿಯಲ್ಲಿ ಸಡಿಲಿಸಿ ಎರಡಾಗಿ, ನಾಲ್ಕಾಗಿ, ಎಂಟಾಗಿ, ಹದಿನಾರಾಗಿ ಬಿಡಿಸುತ್ತಾಳೆ. ಬೆಕ್ಕಿನ ಮೀಸೆಗೆ, ಮೀನಿನ ಬಾಲಕ್ಕೆ ಅದಕ್ಕಿಂತಲೂ ತೆಳ್ಳಗೆ ಬೇಕಾಗುತ್ತದೆ. ಆಮೇಲೆ ಅವರ ಪ್ರಸಿದ್ಧವಾದ ಇಮ್ಮುಖದ ಕಸೂತಿ: ಚೌಕಟ್ಟಿಗೆ ಬಿಗಿದ ತೆಳು ರೇಷ್ಮೆಯ ಮೇಲೆ ಚಿತ್ರವನ್ನು ತುಂಬಿದರೆ ಮುಂದಿನಿಂದಲೂ ಹಿಂದಿನಿಂದಲೂ ಒಂದೇ ಬೆಕ್ಕು. ಗಂಟು ಹಾಕುವಂತಿಲ್ಲ. ನೂಲಿನ ತುದಿಯನ್ನು ಅತಿ ಸಣ್ಣ ಹೊಲಿಗೆಯಿಂದ ನಿಲ್ಲಿಸಿ, ಮುಂದಿನ ಹೊಲಿಗೆಗಳ ಅಡಿಯಲ್ಲಿ ಮುಚ್ಚಿಬಿಡುತ್ತಾರೆ. ಸೂಜಿ ನೆಟ್ಟಗೆ ಇಳಿಯಬೇಕು, ಓರೆಯಾದರೆ ಹಿಂಬದಿಯ ಎಳೆಯನ್ನು ಚುಚ್ಚಿ ಕೆಡಿಸುತ್ತದೆ.

ಈ ವಿದ್ಯೆಯನ್ನು ಪುಸ್ತಕಕ್ಕೆ ಇಳಿಸಿದ ಒಬ್ಬ ಹೆಂಗಸಿನ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಷೆನ್ ಷೌ ಎಂಬಾಕೆ 1874ರಲ್ಲಿ ಸುಝೌನಲ್ಲಿ ಹುಟ್ಟಿದಳು. ಬೆಳಕು ನೆರಳುಗಳನ್ನು ನೂಲಿನಲ್ಲೇ ತೋರಿಸುವ ಹೊಸ ರೀತಿಯನ್ನು ರೂಢಿಸಿದಳು. ಆಕೆ ಹೆಣೆದ ಇಟಲಿಯ ರಾಣಿಯ ಚಿತ್ರ 1911ರಲ್ಲಿ ಟ್ಯೂರಿನ್ ಪ್ರದರ್ಶನದಲ್ಲಿ ಹೆಸರು ಪಡೆಯಿತು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಸುವಿನ ಚಿತ್ರಕ್ಕೆ ಬಹುಮಾನ ಬಂತು. ಆಮೇಲೆ ನಾಂಟಾಂಗ್ ಊರಿನ ಶಾಲೆಯಲ್ಲಿ ಹುಡುಗಿಯರಿಗೆ ಕಲಿಸುತ್ತಿದ್ದಾಗ ಕಾಯಿಲೆ ಬಿತ್ತು. ಹಾಸಿಗೆಯಲ್ಲಿ ಮಲಗಿಯೇ ಸೂಜಿ, ನೂಲು, ಚೌಕಟ್ಟು, ಹೊಲಿಗೆಗಳ ವಿವರವನ್ನು ಬಾಯಲ್ಲಿ ಹೇಳಿದಳು. ಶಾಲೆ ಸ್ಥಾಪಿಸಿದ್ದ ಝಾಂಗ್ ಜಿಯಾನ್ ಬರೆದುಕೊಂಡರು. ಪುಸ್ತಕ 1919ರಲ್ಲಿ ಹೊರಬಂತು, 1921ರಲ್ಲಿ ಆಕೆ ತೀರಿಹೋದಳು. ನಮ್ಮ ಮನೆಗಳ ಅಜ್ಜಿಯರ ಜೊತೆಯಲ್ಲಿ ಎಷ್ಟು ಕೈಗೆಲಸ ಬರೆದುಕೊಳ್ಳದೆ ಹೋಗಿದೆಯೋ!

ಈಗ ನಮ್ಮ ನಾಡಿಗೆ ಬನ್ನಿರಿ. ಇಮ್ಮುಖದ ಹೊಲಿಗೆ ಚೀನದವರ ಸ್ವತ್ತೆಂದು ತಿಳಿಯಬೇಡಿರಿ. ಧಾರವಾಡ ಸೀಮೆಯ ಕಸೂತಿಯಲ್ಲೂ ಗಂಟಿಲ್ಲ. ಇಳಕಲ್ ಸೀರೆಯ ಮೇಲೆ, ಮದುಮಗಳ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಗೋಪುರ, ರಥ, ಆನೆ, ನವಿಲು, ತುಳಸಿಕಟ್ಟೆಗಳನ್ನು ಅಲ್ಲಿಯ ಹೆಂಗಸರು ರೇಷ್ಮೆ ನೂಲಿನಿಂದ ಮೂಡಿಸುತ್ತ ಬಂದಿದ್ದಾರೆ. ಚೀನದ ಕಸೂತಿ ಕುಂಚದಂತೆ ಬಣ್ಣ ತುಂಬುತ್ತದೆ. ನಮ್ಮದು ಹಾಗಲ್ಲ, ನಮ್ಮದು ಲೆಕ್ಕ. ಬಟ್ಟೆಯ ಮೇಲೆ ಚಿತ್ರ ಬರೆಯದೆ ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿ ಹಾಕತಕ್ಕದ್ದು. ಅಂಗಳದಲ್ಲಿ ಚುಕ್ಕಿಯಿಟ್ಟು ರಂಗೋಲಿ ಎಳೆಯುವವರಿಗೆ ಇದು ಕಷ್ಟವಾಗದು.

ಇದರಲ್ಲಿ ನಾಲ್ಕು ಹೊಲಿಗೆಗಳು. ಗಾವಂತಿ ಎಂದರೆ ಗೆರೆ. ಮುರಗಿ ಎಂದರೆ ಮೆಟ್ಟಿಲಿನಂತೆ ಮುರಿಯುತ್ತ ಹೋಗುವ ಗೆರೆ. ಇವೆರಡೂ ಎರಡು ಕಡೆಯೂ ಒಂದೇ. ನೇಯ್ದಂತೆ ಕಾಣುವುದು ನೇಗಿ, ಮೆಂತ್ಯದ ಕಾಳಿನಂತೆ ಅಡ್ಡಡ್ಡ ಕೂರುವುದು ಮೆಂತಿ. ಇಂದು ಗಾವಂತಿ ಕಲಿಯಿರಿ, ಉಳಿದದ್ದು ಅದರ ಹಿಂದೆ ಬರುತ್ತದೆ.

ಗಿರಣಿಯ ಒತ್ತು ನೇಯ್ಗೆಯಲ್ಲಿ ಎಳೆ ಎಣಿಸಲಾಗದು. ಅದಕ್ಕೆ ಮ್ಯಾಟಿ ಬಟ್ಟೆಯನ್ನು ತೆಗೆದುಕೊಳ್ಳಿರಿ. ಮುಂದೆ ಸೀರೆಗೆ ಹಾಕುವಾಗ ಮೇಲೆ ಜಾಳು ಕ್ಯಾನ್ವಾಸನ್ನು ಟಾಕಿ, ಕೆಲಸ ಮುಗಿದ ಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದುಬಿಡಬಹುದು. ನೂಲು ಒಂದು ಮೊಳಕ್ಕಿಂತ ಉದ್ದ ಬೇಡ, ಸವೆದು ನವಿರೇಳುತ್ತದೆ. ಬಣ್ಣದ ನೂಲನ್ನು ಒದ್ದೆ ಮಾಡಿ ಬಿಳಿಯ ಬಟ್ಟೆಯಲ್ಲಿ ಒತ್ತಿ ನೋಡಿರಿ. ಬಣ್ಣ ಬಿಟ್ಟರೆ ಬೇಡ. ಇನ್ನೊಂದು ಮಾತು. ಸೊಪ್ಪು ಕೊಯ್ದು ಕೊಯ್ದು ಒರಟಾದ ಬೆರಳಿಗೆ ರೇಷ್ಮೆ ಸಿಕ್ಕಿಕೊಳ್ಳುತ್ತದೆ. ಸ್ವಲ್ಪ ಸಕ್ಕರೆಗೆ ಕೊಬ್ಬರಿ ಎಣ್ಣೆ ಬೆರೆಸಿ ಕೈಗೆ ತಿಕ್ಕಿ, ತೊಳೆದು, ಚೆನ್ನಾಗಿ ಒರೆಸಿಕೊಂಡು ಕೂತುಕೊಳ್ಳಿರಿ. ಎಣ್ಣೆಯ ಜಿಡ್ಡು ಉಳಿಯಬಾರದು.

ಗಂಟು ಹಾಕದೆ, ನಾಲ್ಕು ಬೆರಳಷ್ಟು ನೂಲನ್ನು ಹಿಂದೆ ಬಿಟ್ಟು ಸೂಜಿಯನ್ನು ಮೇಲಕ್ಕೆ ತೆಗೆಯಿರಿ. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ, ಹೀಗೆ ಗೆರೆಯ ಕೊನೆಯವರೆಗೂ ಹೋಗಿರಿ. ಈಗ ಕಾಣುವುದು ಅರ್ಧ ಗೆರೆ. ತಿರುಗಿ ಬರುವಾಗ ಬಿಟ್ಟ ಜಾಗಗಳನ್ನು ಅದೇ ತೂತುಗಳಲ್ಲಿ ತುಂಬಿರಿ. ಇಲ್ಲಿ ಒಂದು ಗುಟ್ಟಿದೆ: ಪ್ರತಿ ತೂತಿನಲ್ಲೂ ಹಳೆಯ ಎಳೆಯ ಮೇಲ್ಬದಿಯಲ್ಲಿ ಸೂಜಿಯನ್ನು ಹೊರಗೆ ತೆಗೆದು, ಕೆಳಬದಿಯಲ್ಲಿ ಒಳಗೆ ಇಳಿಸಿರಿ. ಒಂದು ಸಲ ಹೀಗೆ, ಒಂದು ಸಲ ಹಾಗೆ ಮಾಡಿದರೆ ಗೆರೆ ಹಲ್ಲುಹಲ್ಲಾಗುತ್ತದೆ. ಕೊಂಬೆ ಬಂದಲ್ಲಿ ಹೋಗುವಾಗಲೇ ಕೊಂಬೆಯ ತುದಿಗೆ ಹೋಗಿ, ಅದರ ಜಾಗಗಳನ್ನು ತುಂಬುತ್ತ ಕಾಂಡಕ್ಕೆ ಮರಳಿ, ಆಮೇಲೆ ಮುಂದೆ ನಡೆಯಿರಿ. ಕಾಂಡದ ಜಾಗಗಳು ಕೊನೆಯ ಮರುಪ್ರಯಾಣಕ್ಕೆ ಉಳಿಯಲಿ. ದಾರಿ ತಪ್ಪಿದರೆ ಅರ್ಧ ಕೊಂಬೆ ಅನಾಥವಾಗಿ ನಿಲ್ಲುತ್ತದೆ, ಬಿಚ್ಚದೆ ವಿಧಿಯಿಲ್ಲ. ಅದಕ್ಕಾಗಿ ಹಾದಿಯನ್ನು ಮೊದಲು ಚೌಕಳಿ ಕಾಗದದಲ್ಲಿ ಬೆರಳಿಟ್ಟು ನಡೆಸಿ ನೋಡಿರಿ.

ಇನ್ನು ಸಂಪಾದನೆಯ ಮಾತು. ಕೈ ಕಸೂತಿ ಸೀರೆಗೆ ವಾರಗಳಲ್ಲ, ತಿಂಗಳುಗಳೂ ಹಿಡಿಯುತ್ತವೆ. ದಲ್ಲಾಳಿ ಕೊಡುವ ಕೂಲಿಯನ್ನು ಗಂಟೆಗೆ ಹಂಚಿದರೆ ಹಲವು ಸಲ ಕಳೆ ಕೀಳುವ ಕೂಲಿಗಿಂತ ಕಡಿಮೆ ಬರುತ್ತದೆ. ಇದನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವುದು ಸರಿಯಲ್ಲ. ಆದ್ದರಿಂದ ಸೀರೆಯಿಂದ ಪ್ರಾರಂಭಿಸದೆ ಕುಪ್ಪಸದ ತೋಳು, ಕೈಚೀಲದಂಥ ಸಣ್ಣ ಕೆಲಸಗಳನ್ನು ಹಿಡಿಯಿರಿ. ಪ್ರತಿಯೊಂದಕ್ಕೂ ಹಿಡಿದ ಗಂಟೆಗಳನ್ನು ಸಂಘದ ಪುಸ್ತಕದಲ್ಲಿ ಬರೆದಿಟ್ಟು, ಅದನ್ನು ನೋಡಿ ಬೆಲೆ ಹೇಳಿರಿ. ದೀಪದ ಬೆಳಕಿನಲ್ಲಿ ಎಳೆ ಎಣಿಸಬೇಡಿರಿ, ಕಣ್ಣಿಗೆ ಬೆಲೆ ಕಟ್ಟುವವರಿಲ್ಲ. ಕಸೂತಿಗೆ 2006ರಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ದೊರೆತಿದೆ. ನಮ್ಮ ಕೆಲಸಕ್ಕೆ ಧಾರವಾಡದ ಹೆಸರನ್ನು ಹಚ್ಚಿ ಮಾರತಕ್ಕದ್ದಲ್ಲ. ಮೂಗೂರಿನದೆಂದೇ ಹೇಳಿರಿ.

ನೂಲಿಗೆ ದೂರ ಹೋಗಬೇಕಾಗಿಲ್ಲ. ಮೈಸೂರು ರೇಷ್ಮೆ ಎಂದು ಲೋಕಕ್ಕೆ ಗೊತ್ತಾದ ಸೀರೆಯನ್ನು ನೇಯುವ ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಪ್ರಾರಂಭವಾಯಿತು. ಅದಕ್ಕೆ ನೂಲು ಬಿಚ್ಚುವ ಕಾರ್ಖಾನೆ ನಮ್ಮ ತಾಲ್ಲೂಕು ಕೇಂದ್ರ ತಿ. ನರಸೀಪುರದಲ್ಲಿಯೇ ಇದೆ. ಚೀನದಿಂದ ಅಗ್ಗದ ಕಚ್ಚಾ ರೇಷ್ಮೆ ಸುರಿದು ಗೂಡಿನ ಧಾರಣೆ ಬಿದ್ದ ಕಾಲ ನಿಮಗೆ ನೆನಪಿರಬಹುದು; 2003ರಲ್ಲಿ ಭಾರತ ಸರ್ಕಾರ ಅದರ ಮೇಲೆ ವಿಶೇಷ ಸುಂಕ ಹಾಕಬೇಕಾಯಿತು. ಗೂಡು ಮಾತ್ರ ಮಾರುವ ಮನೆಗೆ ಧಾರಣೆ ಬಿದ್ದ ದಿನ ಬೇರೆ ದಾರಿಯಿರಲಿಲ್ಲ.

ಅಭ್ಯಾಸದ ಮೊದಲ ತುಂಡು ಹತ್ತು ಹೊಲಿಗೆಯ ನೇರ ಗೆರೆಯಾಗಲಿ, ಎರಡನೆಯದು ಮೂರು ಮೆಟ್ಟಿಲಿನ ಮುರಗಿ, ಮೂರನೆಯದು ಚಿಕ್ಕ ತುಳಸಿಕಟ್ಟೆ. ಮುಗಿದ ಮೇಲೆ ಮೊದಲಿಗೆ ಬಿಟ್ಟ ನೂಲಿನ ತುದಿಯನ್ನು ಸೂಜಿಗೆ ಪೋಣಿಸಿ, ಹಾಕಿದ ಗೆರೆಯಗುಂಟ ಒಳಗೆ ಸೇರಿಸಿ ಕತ್ತರಿಸಿರಿ. ತುಂಡನ್ನು ಮಗುಚಿ ಪಕ್ಕದ ಮನೆಯವರ ಕೈಗೆ ಕೊಟ್ಟು, ಇದರಲ್ಲಿ ಮುಂಭಾಗ ಯಾವುದು ಎಂದು ಕೇಳಿರಿ. ಅವರು ತಟ್ಟನೆ ಹೇಳಿಬಿಟ್ಟರೆ ಇನ್ನೊಂದು ತುಂಡು ಹಾಕಿರಿ.