ದವಡೆ ಮುರಿದರೆ ಆಪರೇಷನ್ ಬೇಕೇ, ಬೇಡವೇ?

ಬೆಂಗಳೂರಿನ ಬನಶಂಕರಿಯ ರಿಂಗ್ ರಸ್ತೆಯಲ್ಲೋ ಬಿಟಿಎಂ ಲೇಔಟಿನ ಗುಂಡಿಬಿದ್ದ ಅಡ್ಡರಸ್ತೆಯಲ್ಲೋ ಸ್ಕೂಟರ್ ಜಾರಿದಾಗ ಎಷ್ಟೋ ಸಲ ಮೊದಲು ನೆಲಕ್ಕೆ ಬಡಿಯುವುದು ಗದ್ದ. ನೆತ್ತಿಯನ್ನಷ್ಟೇ ಮುಚ್ಚುವ ಹೆಲ್ಮೆಟ್ ಗದ್ದವನ್ನು ಕಾಯುವುದಿಲ್ಲ. ಎಕ್ಸ್‌ರೇಯಲ್ಲಿ ಬಿರುಕು ಕಂಡ ಕೂಡಲೇ ಮನೆಯವರು ಕೇಳುವುದು ಒಂದೇ ಮಾತು: ಆಪರೇಷನ್ ಮಾಡಿಸಲೇಬೇಕಾ? ಬಿರುಕು ಕಂಡಿತೆಂಬ ಕಾರಣಕ್ಕೇ ಈ ಪ್ರಶ್ನೆ ತೀರ್ಮಾನವಾಗುವುದಿಲ್ಲ. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಮೊದಲಿನಂತೆ ಕೂಡುತ್ತಿವೆಯೇ ಎಂಬುದು ಎಲ್ಲಕ್ಕಿಂತ ಮುಖ್ಯ. ತೀರ್ಮಾನ ಕೊನೆಗೆ ವೈದ್ಯರದೇ. ಆದರೆ ಅದನ್ನು ಅರ್ಥ ಮಾಡಿಕೊಂಡು ಒಪ್ಪಿಗೆ ಕೊಡಲು ಈ ಹೆಜ್ಜೆಗಳು ನೆರವಾಗುತ್ತವೆ.

ಹೆಜ್ಜೆ 1: ಮೊದಲು ಉಸಿರು, ತಲೆ, ಕುತ್ತಿಗೆ

ಪ್ರಜ್ಞೆ ತಪ್ಪಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಕಿವಿ ಅಥವಾ ಮೂಗಿನಿಂದ ತಿಳಿನೀರು ಇಳಿದರೆ, ಕುತ್ತಿಗೆ ನೋಯುತ್ತಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ ತಕ್ಷಣ 108ಕ್ಕೆ ಕರೆ ಮಾಡಿ. ದವಡೆ ಎರಡೂ ಬದಿ ಮುರಿದಾಗ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಕಟ್ಟಬಹುದು. ಎಚ್ಚರವಿದ್ದು ಕುತ್ತಿಗೆ ನೋವಿಲ್ಲದವರನ್ನು ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ, ರಕ್ತವನ್ನು ಹೊರಗೆ ಉಗುಳಲು ಬಿಡಿ. ಗದ್ದದಿಂದ ನೆತ್ತಿಗೆ ಬಟ್ಟೆ ಬಿಗಿದು ಕಟ್ಟಬೇಡಿ. ವಾಂತಿಯಾದರೆ ಅದೇ ಪ್ರಾಣಕ್ಕೆ ಕುತ್ತಾಗುತ್ತದೆ. ಹಲ್ಲು ಬೇರುಸಮೇತ ಕಿತ್ತು ಬಂದಿದ್ದರೆ ಬೇರನ್ನು ಮುಟ್ಟದೆ, ಉಜ್ಜದೆ, ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ಹೊರಡಿ. ಒಂದು ಗಂಟೆಯೊಳಗೆ ತಲುಪಿದರೆ ದೊಡ್ಡವರ ಹಲ್ಲು ಮತ್ತೆ ಕೂರುವ ಸಾಧ್ಯತೆ ಹೆಚ್ಚು.

ತಲೆಗೆ ಪೆಟ್ಟಾದವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. ಕೈಕಾಲಿನ ಮೂಳೆಯೂ ಮುರಿದಿದ್ದರೆ ಜಯನಗರ ಪೂರ್ವದ ಬೈರಸಂದ್ರದಲ್ಲಿ ಸಂಜಯ್ ಗಾಂಧಿ ಆಸ್ಪತ್ರೆ ಇದೆ.

ಹೆಜ್ಜೆ 2: ಈ ಲಕ್ಷಣಗಳನ್ನು ಗಮನಿಸಿ

- ಹಲ್ಲು ಕಚ್ಚಿದಾಗ ಮೊದಲಿನಂತೆ ಕೂಡದಿರುವುದು
- ಕೆಳದುಟಿ ಅಥವಾ ಗದ್ದ ಜೋಮು ಹಿಡಿದಿರುವುದು
- ನಾಲಿಗೆಯ ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿ ನೀಲಿಯಾಗಿರುವುದು
- ಬಾಯಿಗೆ ಮೂರು ಬೆರಳು ಹಿಡಿಯದಿರುವುದು, ಅಥವಾ ಬಾಯಿ ತೆರೆದಾಗ ಗದ್ದ ಒಂದು ಬದಿಗೆ ಸರಿಯುವುದು
- ಎರಡು ಹಲ್ಲುಗಳ ನಡುವೆ ಹೊಸದಾಗಿ ಮೆಟ್ಟಿಲು ಅಥವಾ ಸಂದು ಕಾಣುವುದು

ಇವುಗಳಲ್ಲಿ ಒಂದಿದ್ದರೂ ಅದೇ ದಿನ ತೋರಿಸಿ. ಮುರಿದ ಜಾಗದಲ್ಲಿ ಒಸಡು ಹರಿದಿದ್ದರೆ ಬಾಯೊಳಗಿನ ಸೋಂಕು ನೇರ ಮೂಳೆಗೆ ಇಳಿಯುತ್ತದೆ. ಅಂಥವರಿಗೆ ಆ್ಯಂಟಿಬಯೋಟಿಕ್ ಶುರುವಾಗುವುದು ತಡವಾಗಬಾರದು.

ಹೆಜ್ಜೆ 3: ಸರಿಯಾದ ವೈದ್ಯರು, ಸರಿಯಾದ ಚಿತ್ರ

ದವಡೆ ಮುರಿತವನ್ನು ನೋಡುವವರು ಮುಖ್ಯವಾಗಿ ಓರಲ್ ಅಂಡ್ ಮ್ಯಾಕ್ಸಿಲೊಫೇಶಿಯಲ್ ಸರ್ಜನ್, ಅಂದರೆ ಬಾಯಿ, ದವಡೆ, ಮುಖದ ಶಸ್ತ್ರಚಿಕಿತ್ಸಕರು. ಈ ವಿಭಾಗ ದಂತ ಕಾಲೇಜುಗಳಲ್ಲಿ ಇರುತ್ತದೆ. ಜೆ.ಪಿ. ನಗರದಲ್ಲಿ ಆರ್.ವಿ. ದಂತ ಕಾಲೇಜು, ಕುಮಾರಸ್ವಾಮಿ ಲೇಔಟಿನಲ್ಲಿ ದಯಾನಂದ ಸಾಗರ್, ಬಿಟಿಎಂ ಕಡೆಯವರಿಗೆ ಬೊಮ್ಮನಹಳ್ಳಿಯ ಆಕ್ಸ್‌ಫರ್ಡ್, ಕೋಟೆ ಬಳಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ದಂತ ಕಾಲೇಜು ಇವೆ. ಎರಡನೆಯ ಅಭಿಪ್ರಾಯ ಕೇಳಲೂ ಇವು ಒಳ್ಳೆಯ ಜಾಗ.

ಸಾಮಾನ್ಯವಾಗಿ ಮೊದಲು ತೆಗೆಯುವುದು ಇಡೀ ದವಡೆಯನ್ನು ಒಂದೇ ಫಿಲ್ಮಿನಲ್ಲಿ ತೋರಿಸುವ ಓಪಿಜಿ. ಅದರ ಜೊತೆಗೆ ಇನ್ನೊಂದು ಕೋನದ ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್ ಬೇಕಾಗುತ್ತದೆ. ಕೆಳದವಡೆ ಬಿಲ್ಲಿನಂತೆ ಬಾಗಿದ ಮೂಳೆ. ಒಂದು ಕಡೆ ಪೆಟ್ಟು ಬಿದ್ದರೆ ಇನ್ನೊಂದು ಕಡೆಯೂ ಮುರಿಯುವುದು ಸಾಮಾನ್ಯ. ಗದ್ದ ಬಡಿದು ಬಿದ್ದವರಲ್ಲಿ ಕಿವಿಯ ಮುಂದಿನ ಕೀಲಿನ ಬಳಿ ಮುರಿದಿದ್ದು ಕಣ್ತಪ್ಪುವುದುಂಟು. “ಎರಡೂ ಕೀಲು ನೋಡಿದ್ದೀರಾ ಡಾಕ್ಟ್ರೇ?” ಎಂದು ಕೇಳಿಬಿಡಿ.

ಹೆಜ್ಜೆ 4: ಯಾರಿಗೆ ಯಾವ ದಾರಿ

*ಕಾದು ನೋಡುವುದು.* ಬಿರುಕು ಬಿಟ್ಟ ಮೂಳೆ ಸರಿದಿಲ್ಲ, ಹಲ್ಲು ಸರಿಯಾಗಿ ಕೂಡುತ್ತದೆ, ಮುಟ್ಟಿ ನೋಡಿದರೆ ಅಲುಗಾಡುವುದಿಲ್ಲ ಎಂದಾದರೆ 4ರಿಂದ 6 ವಾರ ಅಗಿಯದ ಮೆತ್ತನೆಯ ಊಟ ಮತ್ತು ಮತ್ತೆ ಮತ್ತೆ ತಪಾಸಣೆ ಸಾಕಾಗಬಹುದು.

*ತಂತಿ ಕಟ್ಟುವುದು.* ಹಲ್ಲುಗಳಿಗೆ ಲೋಹದ ಪಟ್ಟಿ ಬಿಗಿದು, ಮೇಲಿನ ಮತ್ತು ಕೆಳಗಿನ ದವಡೆಯನ್ನು ತಂತಿ ಅಥವಾ ರಬ್ಬರಿನಿಂದ ಕೂಡಿಸಿ ಕಟ್ಟುತ್ತಾರೆ. ದೊಡ್ಡವರಿಗೆ ಸುಮಾರು 4ರಿಂದ 6 ವಾರ, ಮಕ್ಕಳಿಗೆ ಅದಕ್ಕಿಂತ ಕಡಿಮೆ. ಕೊಯ್ಯುವ ಪ್ರಮೇಯವಿಲ್ಲ, ಆದರೆ ಬಾಯಿ ತೆರೆಯಲಾಗದು. ಮೂರ್ಛೆರೋಗ, ತೀವ್ರ ಅಸ್ತಮಾ, ಕುಡಿತದ ಚಟ, ಗರ್ಭಿಣಿಯರ ವಾಂತಿ ಇದ್ದಲ್ಲಿ ಬಾಯಿ ಕಟ್ಟುವುದು ಅಪಾಯ. ಇವನ್ನು ವೈದ್ಯರಿಂದ ಮುಚ್ಚಿಡಬೇಡಿ.

*ಪ್ಲೇಟ್ ಹಾಕುವುದು.* ಮೂಳೆಯ ತುಂಡುಗಳು ಸರಿದಿದ್ದರೆ, ಅಲುಗಾಡುತ್ತಿದ್ದರೆ, ಒಂದಕ್ಕಿಂತ ಹೆಚ್ಚು ಕಡೆ ಮುರಿದಿದ್ದರೆ, ಕಟ್ಟಿದರೂ ಹಲ್ಲು ಕೂಡದಿದ್ದರೆ ಟೈಟಾನಿಯಂ ಪ್ಲೇಟು, ಸ್ಕ್ರೂ ಹಾಕುವ ಶಸ್ತ್ರಚಿಕಿತ್ಸೆಯೇ ಸಾಮಾನ್ಯವಾಗಿ ಮೇಲು. ಹಲವು ಸಲ ಬಾಯೊಳಗಿಂದಲೇ ಮಾಡುವುದರಿಂದ ಮುಖದ ಮೇಲೆ ಗಾಯದ ಗುರುತು ಉಳಿಯದು. ಬಾಯಿ ಬೇಗ ಆಡಿಸಬಹುದು. ತೊಂದರೆಗಳೂ ಇವೆ: ಸೋಂಕು, ತುಟಿಯ ಜೋಮು, ಪ್ಲೇಟ್ ಸಡಿಲವಾಗುವುದು. ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು ಇದ್ದವರಿಗೆ ಸೋಂಕಿನ ಭಯ ಹೆಚ್ಚು.

ಕೀಲಿನ ಬಳಿಯ ಮುರಿತದ ಲೆಕ್ಕವೇ ಬೇರೆ. ಪಕ್ಕದಲ್ಲೇ ಮುಖವನ್ನು ಆಡಿಸುವ ನರ ಹಾದುಹೋಗುವುದರಿಂದ ಕೊಯ್ಯುವ ಮುನ್ನ ಹೆಚ್ಚು ಯೋಚಿಸಬೇಕು. ಬೆಳೆಯುವ ಮಕ್ಕಳಲ್ಲಿ ಈ ಭಾಗ ತಾನಾಗಿ ರೂಪ ಪಡೆಯುವ ಶಕ್ತಿ ಉಳಿಸಿಕೊಂಡಿರುತ್ತದೆ. ಆದ್ದರಿಂದ ಬಹುಪಾಲು ಮಕ್ಕಳಿಗೆ ಆಪರೇಷನ್ ಬೇಕಾಗದು. ಆದರೆ ಬಾಯಿ ತೆರೆಯುವ ವ್ಯಾಯಾಮ ತಪ್ಪಿಸಿದರೆ ಕೀಲು ಅಂಟಿಕೊಂಡು ಬಾಯಿ ಶಾಶ್ವತವಾಗಿ ಬಿಗಿಯಬಹುದು. ಅಂಥ ಮಗುವನ್ನು ವರ್ಷಗಳ ಕಾಲ ತಪಾಸಣೆಗೆ ಕರೆದೊಯ್ಯುತ್ತಿರಬೇಕು.

ಹೆಜ್ಜೆ 5: ಸಹಿ ಹಾಕುವ ಮುನ್ನ ಕೇಳಿ

- ಎಷ್ಟು ಕಡೆ ಮುರಿದಿದೆ? ಮೂಳೆ ಸರಿದಿದೆಯೇ?
- ತಂತಿ ಕಟ್ಟಿದರೆ ಸಾಲದೇ? ಸಾಲದಿದ್ದರೆ ಏಕೆ?
- ಎಲ್ಲಿ ಕೊಯ್ಯುತ್ತೀರಿ? ಯಾವ ನರಕ್ಕೆ ಅಪಾಯ?
- ಮುರಿದ ಗೆರೆಯಲ್ಲಿರುವ ಹಲ್ಲು ಉಳಿಯುವುದೇ?
- ಆಪರೇಷನ್ ಬೇಡವೆಂದರೆ ಏನಾಗಬಹುದು?

ಉಸಿರಾಟ ಸರಿಯಿದ್ದು ರಕ್ತ ನಿಂತಿದ್ದರೆ ಎರಡನೆಯ ಅಭಿಪ್ರಾಯಕ್ಕೆ ಒಂದೆರಡು ದಿನದ ಸಮಯ ಸಾಮಾನ್ಯವಾಗಿ ಇರುತ್ತದೆ. ವಾರಗಟ್ಟಲೆ ಮುಂದೂಡಿದರೆ ಮೂಳೆ ಸೊಟ್ಟಗೆ ಕೂಡಿಕೊಳ್ಳುತ್ತದೆ, ಆಗ ಅದನ್ನು ಮತ್ತೆ ಕತ್ತರಿಸಿ ಸರಿಪಡಿಸಬೇಕಾದೀತು.

ರಸ್ತೆ ಅಪಘಾತವಾಗಿದ್ದರೆ ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ವೈದ್ಯಕೀಯ-ಕಾನೂನು ಪ್ರಕರಣ, ದಾಖಲಾಗಿದೆಯೇ ನೋಡಿಕೊಳ್ಳಿ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ಯೋಜನೆಯಂತೆ, ಗುರುತಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಸಿಗುತ್ತದೆ. ದಾಖಲಾಗುವಾಗಲೇ ವಿಚಾರಿಸಿ.

ಹೆಜ್ಜೆ 6: ಮನೆಗೆ ಬಂದ ಮೇಲೆ

ತೆಳು ರಾಗಿ ಅಂಬಲಿ, ಸೋಸಿದ ಬೇಳೆಕಟ್ಟು, ಗಂಜಿ, ಹಾಲು, ಮಜ್ಜಿಗೆಯನ್ನು ದಿನಕ್ಕೆ ಆರೇಳು ಸಲ ಸ್ವಲ್ಪ ಸ್ವಲ್ಪವಾಗಿ ಕೊಡಿ. ಊಟವಾದ ಪ್ರತಿ ಸಲ ಬಾಯಿ ಮುಕ್ಕಳಿಸಿ, ಮೆತ್ತನೆಯ ಬ್ರಷ್ಷಿನಿಂದ ಉಜ್ಜಬೇಕು. ಬಾಯಿಗೆ ತಂತಿ ಕಟ್ಟಿದ್ದರೆ ಅದನ್ನು ಕತ್ತರಿಸುವ ಸಾಧನ ಸದಾ ಜೊತೆಗಿರಲಿ. ಯಾವ ತಂತಿ ಕತ್ತರಿಸಬೇಕೆಂದು ಮನೆಯವರಿಬ್ಬರಾದರೂ ವೈದ್ಯರಿಂದ ಕಲಿತಿರಲಿ. ಜ್ವರ, ಕೀವು, ಊತ ಹೆಚ್ಚುವುದು, ಹಲ್ಲಿನ ಕೂಡಿಕೆ ಬದಲಾಗುವುದು ಕಂಡರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ.

ಆಪರೇಷನ್ ಬೇಡ ಎಂಬ ತೀರ್ಮಾನ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೊದಲ ವಾರದ ಕೊನೆಗೆ ಹಲ್ಲು ಕಚ್ಚಿಸಿ ನೋಡಿ, ಅಗತ್ಯವಿದ್ದರೆ ಮತ್ತೊಮ್ಮೆ ಎಕ್ಸ್‌ರೇ ತೆಗೆದು, ಆ ತೀರ್ಮಾನ ಈಗಲೂ ಸರಿಯೇ ಎಂದು ವೈದ್ಯರು ಹೇಳಬೇಕು. ಆ ಭೇಟಿಯ ದಿನಾಂಕವನ್ನು ಆಸ್ಪತ್ರೆಯಿಂದ ಹೊರಡುವ ಮುನ್ನವೇ ಬರೆಸಿಕೊಳ್ಳಿ.