ತೂಬು, ನೀರಗಂಟಿ ಮತ್ತು ಪೋರ್ಟ್: ಒಂದು ಪಾಠ, ಎರಡು ತಿದ್ದುಪಡಿ

ತರಗತಿ: 9
ಘಟಕ: ಸರ್ವರ್, ಪೋರ್ಟ್ ಮತ್ತು ಸುರಕ್ಷತೆ
ಅವಧಿ: ತಲಾ 40 ನಿಮಿಷಗಳ 2 ಪಾಠಗಳು
ಬೋಧನೋಪಕರಣಗಳು: ಉಬುಂಟು ಇರುವ ಗಣಕಗಳು, ಒಂದು ಲ್ಯಾಪ್‌ಟಾಪ್, ಕಪ್ಪುಹಲಗೆ

ಹಿನ್ನೆಲೆ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಮುದ್ದೇನಹಳ್ಳಿಗೆ ಹತ್ತಿರದ ಒಂದು ಪ್ರೌಢಶಾಲೆ. ಅಲ್ಲಿನ ಗಣಕಗಳಲ್ಲಿ ಯುನಿಕ್ಸ್ ಮಾದರಿಯ ಲಿನಕ್ಸ್ ವ್ಯವಸ್ಥೆಯಿದೆ. ಮಕ್ಕಳು ಅದರಲ್ಲಿ ಟೈಪಿಸಿದ್ದರು, ಚಿತ್ರ ಬರೆದಿದ್ದರು. ಒಂದು ಗಣಕ ಇನ್ನೊಂದರೊಡನೆ ಹೇಗೆ ಮಾತಾಡುತ್ತದೆ ಎಂಬುದು ಅವರಿಗೆ ಹೊಸದು. ಪಾಠಯೋಜನೆಯಲ್ಲಿ ಮೂರು ಉದ್ದೇಶಗಳನ್ನು ಬರೆದುಕೊಂಡಿದ್ದೆ. ಪಾಠ ಮುಗಿದಾಗ ವಿದ್ಯಾರ್ಥಿಯು,

1. ಸರ್ವರ್ ಎಂದರೆ ಕೇಳಿದವರಿಗೆ ಸೇವೆ ಕೊಡುವ ಪ್ರೋಗ್ರಾಂ ಎಂದು ವಿವರಿಸುವನು/ಳು.
2. ತೆರೆದ ಪೋರ್ಟ್ ಮತ್ತು ಮುಚ್ಚಿದ ಪೋರ್ಟ್‌ಗಳ ವ್ಯತ್ಯಾಸ ಹೇಳುವನು/ಳು.
3. ತನ್ನ ಗಣಕದಲ್ಲಿ ಯಾವ ಪೋರ್ಟ್‌ಗಳು ತೆರೆದಿವೆ ಎಂದು ನೋಡಿ ಪಟ್ಟಿ ಮಾಡುವನು/ಳು.

ಮೊದಲ ಪಾಠ

ಊರಿನಿಂದಲೇ ಪೀಠಿಕೆ ಹಾಕಿದೆ. ಮುದ್ದೇನಹಳ್ಳಿ ಎಂದರೆ ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮಸ್ಥಳ, ಅವರ ಮನೆಯ ವಸ್ತುಸಂಗ್ರಹಾಲಯವನ್ನು ಮಕ್ಕಳೆಲ್ಲ ನೋಡಿದ್ದಾರೆ. ಕೆರೆ, ಏರಿ, ತೂಬು, ಕೋಡಿ ಇವೂ ಗೊತ್ತು. "ಗಣಕ ಒಂದು ಕೆರೆ. ಅದರ ಏರಿಯಲ್ಲಿ 0ಯಿಂದ 65,535ರವರೆಗೆ ಸಂಖ್ಯೆ ಬರೆದ ತೂಬುಗಳಿವೆ. ಒಂದೊಂದು ತೂಬೂ ಒಂದು ಪೋರ್ಟ್" ಎಂದೆ. 80 ಮತ್ತು 443 ವೆಬ್‌ಗೆ, 25 ಅಂಚೆಗೆ, 22 ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ ಎಂದು ಹಲಗೆಯ ಮೇಲೆ ಬರೆದೆ.

ಅನಂತರ ಪ್ರಾತ್ಯಕ್ಷಿಕೆ. ಪೈಥಾನ್ ಜೊತೆಗೇ ಬರುವ ಪುಟ್ಟ ವೆಬ್ ಸರ್ವರನ್ನು ನನ್ನ ಲ್ಯಾಪ್‌ಟಾಪಿನಲ್ಲಿ 8000ನೇ ಪೋರ್ಟ್‌ನಲ್ಲಿ ಶುರುಮಾಡಿದೆ. ಮಕ್ಕಳು ತಮ್ಮ ಬ್ರೌಸರ್‌ನಲ್ಲಿ ನನ್ನ ಗಣಕದ ವಿಳಾಸ ಬರೆದು, ಕೋಲನ್ ಹಾಕಿ, 8000 ಎಂದು ಸೇರಿಸಿದರು. ಪುಟ ತೆರೆಯಿತು. ಎಲ್ಲರಿಗೂ ಖುಷಿ.

ನನ್ನ ತಪ್ಪು ಆಗಿದ್ದು ಅಲ್ಲೇ. ಈ ಸರ್ವರ್ ತಾನು ಯಾವ ಫೋಲ್ಡರ್‌ನಲ್ಲಿ ಶುರುವಾಯಿತೋ ಆ ಫೋಲ್ಡರನ್ನು ಇಡಿಯಾಗಿ ಹಂಚುತ್ತದೆ. ನಾನು ಖಾಲಿ ಫೋಲ್ಡರ್ ಮಾಡಿಕೊಳ್ಳದೆ ಹೋಮ್ ಫೋಲ್ಡರ್‌ನಿಂದಲೇ ಶುರುಮಾಡಿದ್ದೆ. ಹಿಂದಿನ ವಾರದ ಕಿರುಪರೀಕ್ಷೆಯ ಅಂಕಪಟ್ಟಿ ಅಲ್ಲೇ ಇತ್ತು. ಒಬ್ಬ ಹುಡುಗ ಅದನ್ನು ಒತ್ತಿ, ಮುಂದಿನ ಬೆಂಚಿನ ಹುಡುಗಿಗೆ 20ಕ್ಕೆ 4 ಬಂದದ್ದನ್ನು ಗಟ್ಟಿಯಾಗಿ ಓದಿದ. ನಾನು ಕಂಟ್ರೋಲ್ ಸಿ ಒತ್ತಿ ಸರ್ವರ್ ನಿಲ್ಲಿಸುವ ಹೊತ್ತಿಗೆ ತರಗತಿ ನಕ್ಕು ಆಗಿತ್ತು. ಆ ಹುಡುಗಿ ತಲೆಯೆತ್ತಲಿಲ್ಲ.

ಪಾಠದ ಕೊನೆಗೆ "ಗಣಕವನ್ನು ಸುರಕ್ಷಿತವಾಗಿ ಇಡುವುದು ಹೇಗೆ?" ಎಂದು ಬರೆಸಿದೆ. ಬಹಳ ಮಂದಿ "ಎಲ್ಲ ತೂಬುಗಳಿಗೂ ಬಿರಡೆ ಹಾಕಬೇಕು" ಎಂದು ಬರೆದಿದ್ದರು. ಒಬ್ಬ ಕೇಳಿದ: "ನೀರಗಂಟಿ ಇಲ್ಲದಿದ್ದರೂ ತೂಬು ತೆರೆದಿದ್ದರೆ ನೀರು ಹೋಗುತ್ತಲ್ವಾ ಮಿಸ್? ಹಂಗಾದ್ರೆ ಖಾಲಿ ಪೋರ್ಟ್‌ನಿಂದಲೂ ಕಳ್ಳರು ಬರಬಹುದಾ?"

ವೀಕ್ಷಣೆಯ ನಂತರ

ಮಾರ್ಗದರ್ಶಕ ಉಪನ್ಯಾಸಕರು ಎರಡೇ ಮಾತು ಹೇಳಿದರು. "ನೋಡಮ್ಮ, ಆ ಹುಡುಗನ ಪ್ರಶ್ನೆಯೇ ನಿನ್ನ ಹೋಲಿಕೆಯ ತಪ್ಪು ತೋರಿಸಿದೆ. ಮೊದಲು ಆ ಮಗುವಿನ ಕ್ಷಮೆ ಕೇಳು, ಆಮೇಲೆ ಪಾಠ ತಿದ್ದು."

ಹೋಲಿಕೆಯ ತಪ್ಪು ಇದು. ತೂಬು ಏರಿಯಲ್ಲಿ ಯಾವಾಗಲೂ ಇರುವ ಕಿಂಡಿ. ಮುಚ್ಚದಿದ್ದರೆ ನೀರು ತಾನಾಗಿ ಹರಿಯುತ್ತದೆ. ಪೋರ್ಟ್ ಕಿಂಡಿಯಲ್ಲ, ಬರೀ ಒಂದು ಸಂಖ್ಯೆ. ಒಂದು ಪ್ರೋಗ್ರಾಂ "ಈ ಸಂಖ್ಯೆಗೆ ಬಂದದ್ದನ್ನು ನನಗೆ ಕೊಡು" ಎಂದು ಕೇಳಿಕೊಂಡು ಕಾಯುತ್ತಿದ್ದರೆ ಮಾತ್ರ ಆ ಪೋರ್ಟ್ ತೆರೆದಿದೆ ಎನ್ನುತ್ತೇವೆ. ಯಾರೂ ಕಾಯದ ಪೋರ್ಟ್‌ನಲ್ಲಿ ಒಳಗೆ ಬಿಡುವವರೇ ಇಲ್ಲ. ಆದ್ದರಿಂದ ಕೇಳಬೇಕಾದದ್ದು ಎಷ್ಟು ಬಿರಡೆ ಹಾಕಿದೆವು ಎಂದಲ್ಲ. ಯಾವ ಪ್ರೋಗ್ರಾಂ ಕಾಯುತ್ತಿದೆ, ಯಾರಿಗಾಗಿ, ಏನನ್ನು ಕೊಡಲು ಎಂಬುದು.

ಎರಡನೆಯ ಪಾಠ

ಮೊದಲು ತರಗತಿಯ ಮುಂದೆ ನನ್ನ ತಪ್ಪು ಒಪ್ಪಿಕೊಂಡೆ. ಅಂಕಪಟ್ಟಿ ಹೊರಬಿದ್ದದ್ದು ನನ್ನ ಅಜಾಗ್ರತೆಯಿಂದ. ಇನ್ನೊಬ್ಬರ ಕಾಗದ ಕಣ್ಣಿಗೆ ಬಿದ್ದರೂ ಓದಿ ಹೇಳುವುದು ಸರಿಯಲ್ಲ ಎಂದೆ. ಹುಡುಗಿಯ ಹತ್ತಿರ ಪ್ರತ್ಯೇಕವಾಗಿ ಮಾತಾಡಿದ್ದೆ.

ಹೋಲಿಕೆಯನ್ನು ನಾಡಕಚೇರಿಗೆ ಬದಲಾಯಿಸಿದೆ. ಕೌಂಟರ್‌ಗಳಿಗೆ ಸಂಖ್ಯೆಗಳಿವೆ. ಮಕ್ಕಳೇ ಗುಮಾಸ್ತರಾಗಿ ಕೂತು ಆಡಿ ತೋರಿಸಿದರು. ಹಲಗೆಯ ಮೇಲೆ ಮೂಡಿದ ಪಟ್ಟಿ ಹೀಗಿತ್ತು:

ತೆರೆದಿದೆ: ಕೌಂಟರ್‌ನಲ್ಲಿ ಗುಮಾಸ್ತರಿದ್ದಾರೆ, ಅರ್ಜಿ ತೆಗೆದುಕೊಳ್ಳುತ್ತಾರೆ. ಪುಟ ಬರುತ್ತದೆ.
ಮುಚ್ಚಿದೆ: ಕುರ್ಚಿ ಖಾಲಿ, "ಇಲ್ಲಿ ಯಾರೂ ಇಲ್ಲ" ಎಂಬ ಉತ್ತರ ಕೂಡಲೇ ಬರುತ್ತದೆ. ಬ್ರೌಸರ್ ಸಂಪರ್ಕ ನಿರಾಕರಿಸಲಾಗಿದೆ ಎನ್ನುತ್ತದೆ.
ತಡೆಯಲಾಗಿದೆ: ಗೇಟಿನ ಕಾವಲುಗಾರ ಉತ್ತರವನ್ನೇ ಕೊಡುವುದಿಲ್ಲ. ಬ್ರೌಸರ್ ಕಾದು ಕಾದು ಸುಮ್ಮನಾಗುತ್ತದೆ.

ಮೂರನ್ನೂ ಯಂತ್ರದಲ್ಲಿ ತೋರಿಸಿದೆ. ಎಸ್‌ಎಸ್ ಎಂಬ ಆಜ್ಞೆಗೆ ಟಿ, ಎಲ್, ಎನ್ ಆಯ್ಕೆಗಳನ್ನು ಸೇರಿಸಿದರೆ ಕಾಯುತ್ತಿರುವ ಟಿಸಿಪಿ ಪೋರ್ಟ್‌ಗಳ ಪಟ್ಟಿ ಬರುತ್ತದೆ. ಸರ್ವರ್ ಶುರುಮಾಡಿದಾಗ 8000ದ ಸಾಲು ಮೂಡಿತು, ನಿಲ್ಲಿಸಿದಾಗ ಮಾಯವಾಯಿತು. ಅದೇ ಸರ್ವರನ್ನು 127.0.0.1 ಎಂಬ ವಿಳಾಸಕ್ಕೆ ಮಾತ್ರ ಕಟ್ಟಿಹಾಕಿದಾಗ ನನ್ನ ಗಣಕದಲ್ಲಿ ಪುಟ ಬಂತು, ಮಕ್ಕಳ ಗಣಕಗಳಲ್ಲಿ ಬರಲಿಲ್ಲ. ಪಟ್ಟಿಯಲ್ಲಿ 0.0.0.0 ಎಂದಿದ್ದರೆ ಎಲ್ಲ ಕಡೆಯಿಂದಲೂ ಬರಬಹುದು, 127.0.0.1 ಎಂದಿದ್ದರೆ ಆ ಗಣಕದ ಒಳಗಿನವರಿಗೆ ಮಾತ್ರ ಎಂದು ಅವರೇ ಕಂಡುಕೊಂಡರು. 80ನೇ ಪೋರ್ಟ್‌ನಲ್ಲಿ ಶುರುಮಾಡಲು ಹೋದಾಗ ವ್ಯವಸ್ಥೆ ಬಿಡಲಿಲ್ಲ. 1024ಕ್ಕಿಂತ ಕೆಳಗಿನ ಪೋರ್ಟ್‌ಗಳಲ್ಲಿ ಕಾಯಲು ನಿರ್ವಾಹಕರ ಅಧಿಕಾರ ಬೇಕು.

ಕೊನೆಗೆ ಫೈರ್‌ವಾಲ್. ಉಬುಂಟುವಿನ ಯುಎಫ್‌ಡಬ್ಲ್ಯು ಇದಕ್ಕೆ ಸರಳ ಸಾಧನ. ಇಲ್ಲಿ ವಿಶ್ವೇಶ್ವರಯ್ಯನವರು ಮತ್ತೆ ಬಂದರು. ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಮೊದಲು ಅಳವಡಿಸಲಾಯಿತು. ನೀರು ಗೊತ್ತಾದ ಮಟ್ಟ ದಾಟಿದರೆ ತಾವೇ ತೆರೆಯುವ ಗೇಟುಗಳವು. ಮೊದಲೇ ಹಾಕಿದ ನಿಯಮದಂತೆ, ಮನುಷ್ಯ ಪಕ್ಕದಲ್ಲಿಲ್ಲದಿದ್ದರೂ ಕೆಲಸ ನಡೆಯುತ್ತದೆ. ಫೈರ್‌ವಾಲ್‌ನದೂ ಅದೇ ರೀತಿ. ಈ ಹೋಲಿಕೆ ಇಷ್ಟಕ್ಕೇ ನಿಲ್ಲುತ್ತದೆ ಎಂದು ಈ ಸಲ ಹೇಳಿಯೇ ಮುಂದೆ ಹೋದೆ. ದೂರದ ಸರ್ವರ್‌ನಲ್ಲಿ ಫೈರ್‌ವಾಲ್ ಚಾಲೂ ಮಾಡುವ ಮುನ್ನ 22ಕ್ಕೆ ಅನುಮತಿ ಕೊಡದಿದ್ದರೆ ನಿರ್ವಾಹಕರೇ ಹೊರಗೆ ಉಳಿಯುತ್ತಾರೆ ಎಂದಾಗ ಮಕ್ಕಳು ನಕ್ಕರು.

ಎರಡು ಘಟನೆಗಳನ್ನೂ ಹೇಳಿದೆ. 1988ರ ನವೆಂಬರ್ 2ರಂದು ಹೊರಬಿದ್ದ ಮಾರಿಸ್ ವರ್ಮ್ ಯುನಿಕ್ಸ್ ಗಣಕಗಳಿಗೆ ನುಗ್ಗಿದ ದಾರಿಗಳಲ್ಲಿ ಒಂದು, ಯಾರು ಲಾಗಿನ್ ಆಗಿದ್ದಾರೆಂದು ತಿಳಿಸುವ ಫಿಂಗರ್ ಎಂಬ ಸೇವೆ. ಎರಡನೆಯದು, ಫಿನ್‌ಲೆಂಡಿನ ಟಾಟು ಯ್ಲೋನೆನ್ 1995ರಲ್ಲಿ ಎಸ್‌ಎಸ್‌ಎಚ್ ಬರೆದದ್ದು. ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಮರೆಯಿಲ್ಲದೆ ಹೋಗುತ್ತಿತ್ತು. ಅವರು ಎಫ್‌ಟಿಪಿಯ 21, ಟೆಲ್ನೆಟ್‌ನ 23ರ ನಡುವೆ ಖಾಲಿಯಿದ್ದ 22ನ್ನು ಕೇಳಿ ಪಡೆದರು.

ಮುಂದೆ ಈ ಪಾಠ ಮಾಡುವವರಿಗೆ

ಪ್ರಾತ್ಯಕ್ಷಿಕೆಗೆ ಹೊಸ ಖಾಲಿ ಫೋಲ್ಡರ್ ಮಾಡಿ, ಒಂದೇ ಪುಟ ಇಡಿ. ಮಕ್ಕಳ ದಾಖಲೆಗಳಿರುವ ಗಣಕವನ್ನು ಬಳಸಲೇಬೇಡಿ. ಗಣಕಕೊಠಡಿಯ ಜಾಲದಲ್ಲಿ ಸರ್ವರ್ ನಡೆಸಲು ಮುಖ್ಯಶಿಕ್ಷಕರ ಒಪ್ಪಿಗೆ ಪಡೆಯಿರಿ. ಮಕ್ಕಳು ನೋಡಬೇಕಾದದ್ದು ತಮ್ಮ ಎದುರಿನ ಗಣಕದ ಪಟ್ಟಿಯನ್ನು ಮಾತ್ರ. ಅನುಮತಿಯಿಲ್ಲದೆ ಇನ್ನೊಬ್ಬರ ಗಣಕಕ್ಕೆ ಪ್ರವೇಶಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ತಪ್ಪು ಎಂಬುದನ್ನೂ ಪಾಠದ ಭಾಗವಾಗಿಸಿ. ಹೋಲಿಕೆ ಕೊಟ್ಟಾಗ ಅದು ಎಲ್ಲಿ ಹೊಂದುವುದಿಲ್ಲ ಎಂಬುದನ್ನು ಮಕ್ಕಳಿಂದಲೇ ಹೇಳಿಸಿ.

ಎರಡನೆಯ ಪಾಠದಲ್ಲಿ ಸರ್ವರ್ ಶುರುಮಾಡುವ ಮುನ್ನ, ಮುಂದಿನ ಬೆಂಚಿನ ಅದೇ ಹುಡುಗಿ ಕೈಯೆತ್ತಿ ಕೇಳಿದಳು: "ಮಿಸ್, ಇವತ್ತು ಯಾವ ಫೋಲ್ಡರ್‌ನಿಂದ ಶುರುಮಾಡ್ತಿದ್ದೀರ?" ಮೌಲ್ಯಮಾಪನದ ಮೊದಲ ಪ್ರಶ್ನೆಯಾಗಿ ನಾನು ಅದನ್ನೇ ಬರೆದುಕೊಂಡೆ.