ದಾದಿಯ ಭಯವೂ ದಾದಿಯ ಕರ್ತವ್ಯವೂ

ಹೆದರುವವರು ರೋಗಿಯ ಸೇವೆಗೆ ಅಯೋಗ್ಯರೆಂದು ಅನೇಕರು ನೆನಸುತ್ತಾರೆ. ಇದು ಸರಿಯೋ ಎಂಬದನ್ನು ಈ ಪಾಠದಲ್ಲಿ ವಿಚಾರಿಸುವೆವು. 2020ರಲ್ಲಿ ಲೋಕವನ್ನೆಲ್ಲಾ ಆವರಿಸಿದ ಕೋವಿಡ್ ರೋಗದ ಕಾಲದಲ್ಲಿ ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳಲ್ಲಿ ದುಡಿದ ದಾದಿಯರನ್ನು ದೃಷ್ಟಾಂತವಾಗಿ ತಕ್ಕೊಳ್ಳೋಣ.

ತೀವ್ರ ನಿಗಾ ಘಟಕವೆಂದರೆ ತಾವಾಗಿ ಉಸಿರಾಡಲಾರದವರನ್ನೂ ಪ್ರಾಣಾಪಾಯದಲ್ಲಿರುವ ಇತರರನ್ನೂ ಹಗಲಿರುಳು ಕಾಯುವ ಸ್ಥಳ. ಅಲ್ಲಿ ದಾದಿಯು ದೂರ ನಿಂತು ಕೆಲಸಮಾಡುವ ಹಾಗಿಲ್ಲ. ಗಂಟಲೊಳಗೆ ಇಳಿಸಿದ ಕೊಳವೆಯಿಂದ ಕಫವನ್ನು ಹೀರಿ ತೆಗೆಯಬೇಕು, ಬಾಯನ್ನು ಶುಚಿಮಾಡಬೇಕು, ಶ್ವಾಸಕೋಶಕ್ಕೆ ಗಾಳಿ ಚೆನ್ನಾಗಿ ಸೇರುವಂತೆ ಹಲವರು ಕೂಡಿ ರೋಗಿಯನ್ನು ಬೋರಲು ಮಲಗಿಸಬೇಕು. ರೋಗವು ಉಸಿರಿನಿಂದಲೇ ಹರಡುವಂಥದಾದ್ದರಿಂದ ಇವೆಲ್ಲಾ ಅಪಾಯದ ಕೆಲಸಗಳೇ. 2020ರ ಜನವರಿಯಿಂದ 2021ರ ಮೇ ತಿಂಗಳ ವರೆಗೆ ಆರೋಗ್ಯಸೇವಕರೊಳಗೆ 80,000ದಿಂದ 1,80,000 ಮಂದಿ ಈ ರೋಗದಿಂದ ಸತ್ತಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿತು. ಹೀಗಿರಲಾಗಿ ದಾದಿಯರು ಹೆದರಿದ್ದು ಆಶ್ಚರ್ಯವೇ?

ಆದರೆ ಯಾವದಕ್ಕೆ ಹೆದರಿದರೆಂಬದನ್ನು ಗಮನಿಸಿರಿ. ತಾವು ಸತ್ತೇವೆಂಬದಕ್ಕಿಂತ, ಮನೆಯ ಮುದುಕರಿಗೂ ಮಕ್ಕಳಿಗೂ ರೋಗವನ್ನು ಒಯ್ದೇವೆಂಬ ಭಯವೇ ಅವರಲ್ಲಿ ಬಹುಮಂದಿಯನ್ನು ಕಾಡಿತು. ಆದದರಿಂದ ಕೆಲವರು ವಾರಗಟ್ಟಲೆ ಮನೆಗೆ ಹೋಗದೆ ಬೇರೆ ಕಡೆ ಉಳಿದರು.

ಭಯವು ಕೈಯನ್ನು ನಡುಗಿಸುವದೂ ಉಂಟು, ಎಚ್ಚರಪಡಿಸುವದೂ ಉಂಟು. ರಕ್ಷಣೆಯ ಉಡುಪನ್ನು ತೊಡುವಾಗಿಗಿಂತ ಕಳಚುವಾಗಲೇ ರೋಗ ತಗಲುವ ಸಂಭವ ಹೆಚ್ಚೆಂದು ಕಲಿತ ದಾದಿಯು ಎಷ್ಟು ದಣಿದಿದ್ದರೂ ಅವಸರಪಡುವದಿಲ್ಲ. ಮೊದಲು ಕೈಗವಸು, ಬಳಿಕ ಮೇಲಂಗಿ, ಮುಖಗವಸನ್ನೋ ಕೋಣೆಯ ಹೊರಗೆ ಬಂದ ಮೇಲೆ, ಅದರ ಎದುರುಭಾಗವನ್ನು ಮುಟ್ಟದೆ, ಕಡೆಗೆ ತೆಗೆಯುತ್ತಾಳೆ, ಕೈಗಳನ್ನು ತೊಳೆಯುತ್ತಾಳೆ. ಯಾವದಕ್ಕೂ ಹೆದರೆನೆಂಬ ಗಟ್ಟಿಗರು ಇಂಥಲ್ಲಿಯೇ ಎಡವುವರೆಂದು ನಮಗೆ ತೋರುತ್ತದೆ.

ಎಚ್ಚರವಾಗಬೇಕಾದದ್ದು ನಡುಕವಾಗುವದು ಯಾವಾಗ? ಉಡುಪು ಸಾಲದೆಹೋದಾಗ, ಕಲಿಸುವವರು ಇಲ್ಲದಾಗ, ಒಬ್ಬಿಬ್ಬರು ರೋಗಿಗಳನ್ನು ನೋಡತಕ್ಕವಳ ಪಾಲಿಗೆ ನಾಲ್ಕಾರು ಮಂದಿ ಬಿದ್ದಾಗ. ಇದನ್ನು ಅವಳ ಹೇಡಿತನವೆಂದು ಕರೆಯುವದು ಅನ್ಯಾಯ.

ಅದಲ್ಲದೆ ನೆರೆಹೊರೆಯವರ ಭಯವೂ ಅವಳ ತಲೆಯ ಮೇಲೆಯೇ ಬಂತು. ನಮ್ಮ ದೇಶದಲ್ಲಿ ದಾದಿಯರಿಗೂ ವೈದ್ಯರಿಗೂ ಬಾಡಿಗೆಯ ಮನೆಯನ್ನು ಬಿಡಿರೆಂದು ಹೇಳಿದವರುಂಟು. ಕೆಲವು ಊರುಗಳಲ್ಲಿ ಆರೋಗ್ಯಸೇವಕರ ಮೇಲೆ ಕಲ್ಲುಗಳೂ ಬಿದ್ದವು. ಆದಕಾರಣ 2020ರ ಏಪ್ರಿಲ್ 22ರಂದು ಭಾರತ ಸರಕಾರವು, ಪ್ಲೇಗಿನ ಕಾಲದಲ್ಲಿ ಹುಟ್ಟಿದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಸುಗ್ರೀವಾಜ್ಞೆಯಿಂದ ತಿದ್ದಿ, ಅಂಥವರ ಮೇಲೆ ಕೈಮಾಡಿದವರಿಗೆ ಸೆರೆವಾಸವನ್ನು ಗೊತ್ತುಮಾಡಬೇಕಾಯಿತು. ಘೋರವಾದ ಗಾಯ ಮಾಡಿದವರಿಗೆ ಅದು 7 ವರುಷಗಳ ವರೆಗೆ.